ಅಮಾವಾಸ್ಯೆಗೆ ‘ನ್ಯೂ ಮೂನ್’ ಎನ್ನುವುದೇಕೆ? ಕನ್ನಡ ಮಾಧ್ಯಮದಿಂದ ಬಂದವರಿಗೆ ಖಗೋಳದ ಇಂಗ್ಲಿಷ್

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಅವಳಿಗೆ ಚಿಕ್ಕಂದಿನಿಂದಲೂ ಆಕಾಶ ನೋಡುವ ಹುಚ್ಚು. ನಮ್ಮ ತಂದೆ ಪಂಚಾಂಗ ಬಲ್ಲವರು. ರೋಹಿಣಿ, ಚಿತ್ತಾ, ಸ್ವಾತಿ ಮೊದಲಾದ ನಕ್ಷತ್ರಗಳನ್ನು ಗುರುತಿಸುವುದನ್ನು ಅವಳು ಅವರಿಂದಲೇ ಕಲಿತಳು. ಆದರೆ ಕಾಲೇಜಿನ ರಸಪ್ರಶ್ನೆಯೊಂದರಲ್ಲಿ ಬಿದಿಗೆ ಚಂದ್ರನ ಚಿತ್ರಕ್ಕೆ ‘ನ್ಯೂ ಮೂನ್’ ಎಂದೂ, ‘ಮೀಟಿಯರಾಲಜಿ’ ಎಂದರೆ ಉಲ್ಕೆಗಳ ಅಧ್ಯಯನ ಎಂದೂ ಹೇಳಿ ಎಲ್ಲರೆದುರು ನಗೆಗೀಡಾದಳು. ಅಂದಿನಿಂದ ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ. ಟ್ಯೂಷನ್ ಮೇಷ್ಟ್ರು ಮುನ್ನೂರು ಪದಗಳ ಪಟ್ಟಿಯೊಂದನ್ನು ಕೊಟ್ಟು, ಇದನ್ನು ಬಾಯಿಪಾಠ ಮಾಡು, ಕನ್ನಡದ ಹೆಸರುಗಳನ್ನು ಮರೆತುಬಿಡು ಎಂದಿದ್ದಾರೆ. ಕನ್ನಡದಲ್ಲಿ ಕಲಿತದ್ದು ನಿಜವಾಗಿಯೂ ಅಡ್ಡಿಯಾಗುತ್ತದೆಯೇ? ಪಟ್ಟಿ ಉರು ಹೊಡೆಸುವುದು ಸರಿಯೇ? ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿಸಬೇಕೇ? (ಹಾವೇರಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಮಗಳಿಗೆ ಇಂಗ್ಲಿಷ್ ಪದಗಳು ಗೊತ್ತಿಲ್ಲ ಎಂಬುದು ಒಂದು; ಅಜ್ಜನಿಂದ ಕಲಿತದ್ದೇ ಅವಳಿಗೆ ಮುಳುವಾಯಿತೇನೋ ಎಂಬುದು ಇನ್ನೊಂದು. ಮೊದಲನೆಯದು ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುವಂಥದ್ದು. ಎರಡನೆಯದಕ್ಕೆ ಆಧಾರವಿಲ್ಲ, ಆದರೆ ಅದರೊಳಗೊಂದು ಸಣ್ಣ ಸತ್ಯಾಂಶವಿದೆ. ಅದನ್ನು ಮುಂದೆ ವಿವರಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ವಿಜ್ಞಾನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಬಂದಿರುವ ನನ್ನ ಅನುಭವದಲ್ಲಿ ಈ ಮಕ್ಕಳನ್ನು ಎಡವಿಸುವುದು ‘ಕಾನ್‌ಸ್ಟಲೇಶನ್’, ‘ಗ್ರ್ಯಾವಿಟೇಶನ್’ನಂತಹ ದೊಡ್ಡ ಪದಗಳಲ್ಲ. ದೊಡ್ಡ ಪದವನ್ನು ಕಂಡ ಕೂಡಲೇ ಹುಡುಗಿ ಎಚ್ಚೆತ್ತು ಅರ್ಥ ಹುಡುಕುತ್ತಾಳೆ. ‘ನ್ಯೂ’, ‘ಕ್ವಾರ್ಟರ್’, ‘ಮೀನ್’, ‘ಪೀರಿಯಡ್’ನಂತಹ, ತನಗೆ ಗೊತ್ತೆಂದೇ ಅವಳು ನಂಬಿರುವ ಚಿಕ್ಕ ಪದಗಳೇ ಮೋಸ ಮಾಡುತ್ತವೆ.

ರಸಪ್ರಶ್ನೆಯ ಉತ್ತರವನ್ನೇ ನೋಡಿ. ‘ನ್ಯೂ ಮೂನ್’ ಎಂದರೆ ಹೊಸ ಚಂದ್ರ, ಹೊಸ ಚಂದ್ರನೆಂದರೆ ಅಮಾವಾಸ್ಯೆ ಕಳೆದ ಮೇಲೆ ಮೊದಲು ಕಾಣಿಸುವ ಎಳೆಯ ಗೆರೆ ಎಂದು ಅವಳು ತರ್ಕಿಸಿದ್ದಾಳೆ. ತರ್ಕದಲ್ಲಿ ತಪ್ಪೇನಿಲ್ಲ. ಆದರೆ ಖಗೋಳವಿಜ್ಞಾನದಲ್ಲಿ ‘ನ್ಯೂ ಮೂನ್’ ಎಂಬುದು, ಚಂದ್ರನು ಹೆಚ್ಚುಕಡಿಮೆ ಸೂರ್ಯನ ದಿಕ್ಕಿನಲ್ಲೇ ಇದ್ದು ಬೆಳಗಿದ ಮೈ ನಮಗೆ ಕಾಣದಿರುವ ಗಳಿಗೆಯ ಹೆಸರು. ಅಂದರೆ ನಮ್ಮ ಅಮಾವಾಸ್ಯೆ. ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳ ಚಕ್ರ ಅಲ್ಲಿಂದ ಹೊಸದಾಗಿ ಮೊದಲಾಗುವುದರಿಂದ ಆ ಹೆಸರು. ಬಿದಿಗೆ, ತದಿಗೆಯ ಚಂದ್ರನಿಗೆ ‘ಕ್ರೆಸೆಂಟ್’ ಎನ್ನಬೇಕು. ಇದೇ ಚಕ್ರದಲ್ಲಿ ಇದಕ್ಕಿಂತ ದೊಡ್ಡ ತೊಡಕು ಅಷ್ಟಮಿಯ ಸುಮಾರಿಗೆ ಎದುರಾಗುತ್ತದೆ. ಕಣ್ಣಿಗೆ ಅರ್ಧ ಚಂದ್ರ ಕಾಣುತ್ತದೆ, ಪುಸ್ತಕ ಅದನ್ನು ‘ಫಸ್ಟ್ ಕ್ವಾರ್ಟರ್’, ಅಂದರೆ ಮೊದಲ ಕಾಲುಭಾಗ ಎನ್ನುತ್ತದೆ. ಬೆಳಗಿದ ಭಾಗವನ್ನು ಅಳೆದು ಇಟ್ಟ ಹೆಸರಲ್ಲ ಅದು, ಚಕ್ರದಲ್ಲಿ ಕಾಲುಭಾಗ ಮುಗಿಯಿತು ಎಂದು ಹೇಳುವ ಹೆಸರು. ಅಷ್ಟಮಿಗೂ ಹುಣ್ಣಿಮೆಗೂ ನಡುವಿನ ಉಬ್ಬಿದ ಚಂದ್ರ ‘ಗಿಬಸ್’. ಶುಕ್ಲಪಕ್ಷದಲ್ಲಿ ಚಂದ್ರ ‘ವ್ಯಾಕ್ಸಿಂಗ್’, ಕೃಷ್ಣಪಕ್ಷದಲ್ಲಿ ‘ವೇನಿಂಗ್’. ತಿಥಿಗಳನ್ನು ಬಲ್ಲ ಹುಡುಗಿಗೆ ಈ ಐದಾರು ಪದ ಒಂದು ಸಂಜೆಯ ಕೆಲಸ. ತಿಥಿಯನ್ನೇ ಮರೆತವಳಿಗೆ ಅದಕ್ಕೊಂದು ವಾರ ಹಿಡಿಯುತ್ತದೆ.

‘ಮೀಟಿಯರಾಲಜಿ’ಯ ವಿಷಯದಲ್ಲೂ ಅವಳ ಊಹೆಗೆ ಕಾರಣವಿದೆ. ಆ ಪದದ ಮೂಲ ಗ್ರೀಕ್. ಎತ್ತರದಲ್ಲಿ, ಗಾಳಿಯಲ್ಲಿ ಇರುವುದು ಎಂಬುದು ಅದರ ಹಳೆಯ ಅರ್ಥ. ಮೋಡ, ಮಳೆ, ಮಿಂಚು, ಉಲ್ಕೆ ಎಲ್ಲವೂ ಒಂದು ಕಾಲದಲ್ಲಿ ಆ ಒಂದೇ ಪದದೊಳಗಿದ್ದವು. ಕಾಲಕ್ರಮೇಣ ‘ಮೀಟಿಯರ್’ ಉಲ್ಕೆಗೆ ಉಳಿಯಿತು, ‘ಮೀಟಿಯರಾಲಜಿ’ ಹವಾಮಾನಶಾಸ್ತ್ರಕ್ಕೆ ಹೋಯಿತು. ನಕ್ಕ ಸಹಪಾಠಿಗಳಲ್ಲಿ ಎಷ್ಟು ಮಂದಿಗೆ ಈ ಹಿನ್ನೆಲೆ ತಿಳಿದಿತ್ತು ಎಂದು ಕೇಳಬಹುದು, ಆದರೆ ಅದರಿಂದ ಮಗಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅವಳಿಗೆ ಬೇಕಿರುವುದು ಇಲ್ಲಿನ ಸೂಕ್ಷ್ಮ ವ್ಯತ್ಯಾಸ. ನಾವು ಎಲ್ಲಕ್ಕೂ ಉಲ್ಕೆ ಎಂದುಬಿಡುತ್ತೇವೆ. ಇಂಗ್ಲಿಷ್ ಅದೇ ಕಲ್ಲಿಗೆ ಅದು ಇರುವ ಜಾಗವನ್ನು ನೋಡಿ ಮೂರು ಹೆಸರು ಕೊಡುತ್ತದೆ. ಬಾಹ್ಯಾಕಾಶದಲ್ಲಿ ಅಲೆಯುತ್ತಿರುವಾಗ ‘ಮೀಟಿಯರಾಯ್ಡ್’, ವಾಯುಮಂಡಲದಲ್ಲಿ ಉರಿದು ಕಾಣಿಸುವ ಬೆಳಕಿನ ಗೆರೆ ‘ಮೀಟಿಯರ್’, ಉರಿದು ಮುಗಿಯದೆ ನೆಲಕ್ಕೆ ಬಿದ್ದು ಕೈಗೆ ಸಿಗುವ ತುಣುಕು ‘ಮೀಟಿಯರೈಟ್’. ಪದದ ಕೊನೆಯನ್ನು ನುಂಗದೆ ಉಚ್ಚರಿಸಬೇಕಾದದ್ದು ಇಂತಹ ಕಡೆ.

ಇನ್ನು ನಾನು ಮೇಲೆ ಹೇಳಿದ ಸಣ್ಣ ಸತ್ಯಾಂಶ. ಕನ್ನಡ ಅಡ್ಡಿಯಲ್ಲ, ಆದರೆ ಪಂಚಾಂಗದ ಕನ್ನಡವೂ ಪಠ್ಯಪುಸ್ತಕದ ಕನ್ನಡವೂ ಕೆಲವು ಪದಗಳನ್ನು ಹಂಚಿಕೊಂಡಿವೆ, ಅರ್ಥವನ್ನು ಹಂಚಿಕೊಂಡಿಲ್ಲ. ಇದರಲ್ಲಿ ಮೊದಲು ನಿಲ್ಲುವ ಪದ ಗ್ರಹ. ನವಗ್ರಹಗಳಲ್ಲಿ ರವಿ ಒಂದು ನಕ್ಷತ್ರ, ಚಂದ್ರ ಒಂದು ಉಪಗ್ರಹ. ಬುಧ, ಶುಕ್ರ, ಮಂಗಳ, ಗುರು, ಶನಿ ಈ ಐದು ಮಾತ್ರ ಇಂದಿನ ಅರ್ಥದಲ್ಲಿ ‘ಪ್ಲಾನೆಟ್’ಗಳು. ರಾಹು, ಕೇತುಗಳು ಕಾಯಗಳೇ ಅಲ್ಲ. ಆಕಾಶದಲ್ಲಿ ಸೂರ್ಯನು ವರ್ಷವಿಡೀ ಸಾಗುವಂತೆ ತೋರುವ ದಾರಿಯನ್ನು ಚಂದ್ರನ ದಾರಿ ಕತ್ತರಿಸುವ ಎರಡು ಬಿಂದುಗಳವು. ಇಂಗ್ಲಿಷ್‌ನಲ್ಲಿ ಅವಕ್ಕೆ ‘ನೋಡ್’ ಎನ್ನುತ್ತಾರೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಈ ಬಿಂದುಗಳ ಹತ್ತಿರ ಬಿದ್ದಾಗ ಮಾತ್ರ ಗ್ರಹಣವಾಗುತ್ತದೆ. ಆದ್ದರಿಂದ ರಾಹು ಸೂರ್ಯನನ್ನು ಹಿಡಿಯುತ್ತಾನೆ ಎಂಬ ಅಜ್ಜಿಕತೆಯ ಹಿಂದೆ ಗಣಿತವೊಂದಿದೆ. ಸೂರ್ಯನ ಆ ದಾರಿಗೆ ಕನ್ನಡದಲ್ಲಿ ಕ್ರಾಂತಿವೃತ್ತ, ಇಂಗ್ಲಿಷ್‌ನಲ್ಲಿ ‘ಎಕ್ಲಿಪ್ಟಿಕ್’; ಗ್ರಹಣ ಎಂಬರ್ಥದ ‘ಎಕ್ಲಿಪ್ಸ್’ ಅದರಲ್ಲಿ ಅಡಗಿರುವುದು ಆಕಸ್ಮಿಕವಲ್ಲ.

ಈ ಗೊಂದಲ ಗಟ್ಟಿಯಾಗಲು ಒಂದು ಕಾಕತಾಳೀಯವೂ ಕಾರಣ. 1930ರಲ್ಲಿ ಪ್ಲೂಟೊ ಪತ್ತೆಯಾದ ಮೇಲೆ 2006ರವರೆಗೆ ಶಾಲೆಯ ಪುಸ್ತಕಗಳಲ್ಲೂ ಗ್ರಹಗಳು ಒಂಬತ್ತೇ ಇದ್ದವು. ದೇವಸ್ಥಾನದಲ್ಲೂ ಒಂಬತ್ತು, ಶಾಲೆಯಲ್ಲೂ ಒಂಬತ್ತು. ಎರಡೂ ಒಂದೇ ಪಟ್ಟಿಯೆಂದು ನಮ್ಮ ಪೀಳಿಗೆಯ ಬಹಳ ಮಂದಿ ನಂಬಿದರು. ಪಂಚಾಂಗದ ಪಟ್ಟಿಯಲ್ಲಿ ಭೂಮಿಯೇ ಇಲ್ಲ, 1781ರಲ್ಲಿ ಕಂಡ ಯುರೇನಸ್ ಇಲ್ಲ, 1846ರಲ್ಲಿ ಕಂಡ ನೆಪ್ಚೂನ್ ಇಲ್ಲ. 2006ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ರಾಗ್ ನಗರದಲ್ಲಿ ಸೇರಿ ಮೂರು ನಿಯಮ ಹಾಕಿತು: ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ಹೆಚ್ಚುಕಡಿಮೆ ಗುಂಡಗಾಗಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ತೆರವುಗೊಳಿಸಿರಬೇಕು. ಮೂರನೆಯದರಲ್ಲಿ ಪ್ಲೂಟೊ ಸೋತು ‘ಡ್ವಾರ್ಫ್ ಪ್ಲಾನೆಟ್’, ಅಂದರೆ ಕುಬ್ಜಗ್ರಹವಾಯಿತು. ‘ಡ್ವಾರ್ಫ್ ಪ್ಲಾನೆಟ್’ ಒಂದು ಬಗೆಯ ‘ಪ್ಲಾನೆಟ್’ ಎಂದು ಇಂಗ್ಲಿಷ್ ಕಲಿಯುವವರು ಊಹಿಸುವುದು ಸಹಜ. ಒಕ್ಕೂಟದ ವರ್ಗೀಕರಣದಲ್ಲಿ ಅದು ಬೇರೆಯೇ ವರ್ಗ.

ನಕ್ಷತ್ರ ಎಂಬ ಪದವೂ ಹೀಗೆಯೇ ಎರಡು ಮನೆಗಳಲ್ಲಿ ವಾಸಿಸುತ್ತದೆ. ಪಂಚಾಂಗದಲ್ಲಿ ಅದು ಚಂದ್ರನ ದಾರಿಯ ಇಪ್ಪತ್ತೇಳನೆಯ ಒಂದು ಭಾಗ, ‘ಸ್ಟಾರ್’ ಅಲ್ಲ. ರೈತರು ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎನ್ನುವಾಗ ಸೂರ್ಯನು ಆ ಭಾಗದಲ್ಲಿದ್ದಾನೆ ಎಂದರ್ಥ. ಸೂರ್ಯ ಅಲ್ಲೇ ಇರುವುದರಿಂದ ಆ ಹೆಸರಿನ ನಕ್ಷತ್ರ ಆ ದಿನಗಳಲ್ಲಿ ರಾತ್ರಿಯ ಆಕಾಶದಲ್ಲಿ ಕಾಣುವುದೇ ಇಲ್ಲ. ನಿಮ್ಮ ಮಗಳು ಇದನ್ನು ಗಮನಿಸಿದ್ದರೆ ಅವಳು ತರಗತಿಯ ಬಹುಪಾಲು ಮಕ್ಕಳಿಗಿಂತ ಮುಂದಿದ್ದಾಳೆ. ಕೃತ್ತಿಕೆ ಎಂಬುದು ಒಂದು ನಕ್ಷತ್ರವೂ ಅಲ್ಲ, ‘ಪ್ಲೆಯಡೀಸ್’ ಎಂಬ ಗುಚ್ಛ. ಆದರೆ ಅಜ್ಜ ಬೆರಳಿಟ್ಟು ತೋರಿಸಿದ ಚುಕ್ಕಿಗಳಿಗೆ ನೇರವಾದ ಇಂಗ್ಲಿಷ್ ಹೆಸರುಗಳಿವೆ. ರೋಹಿಣಿ ‘ಅಲ್ಡೆಬರಾನ್’, ಚಿತ್ತಾ ‘ಸ್ಪೈಕಾ’, ಸ್ವಾತಿ ‘ಆರ್ಕ್ಟ್ಯೂರಸ್’, ಮಖೆ ‘ರೆಗ್ಯುಲಸ್’, ಜ್ಯೇಷ್ಠಾ ‘ಆಂಟೇರಿಸ್’, ಶ್ರವಣ ‘ಆಲ್ಟೇರ್’. ಸಪ್ತರ್ಷಿಗಳಲ್ಲಿ ವಸಿಷ್ಠ ‘ಮೈಜಾರ್’, ಪಕ್ಕದ ಅರುಂಧತಿ ‘ಆಲ್ಕಾರ್’. ಇವುಗಳಲ್ಲಿ ಅಲ್ಡೆಬರಾನ್, ಆಲ್ಟೇರ್, ಮೈಜಾರ್ ಮುಂತಾದವು ಅರಬ್ಬಿ ಮೂಲದವು. ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಇವು ಪರಭಾಷೆಯ ಹೆಸರುಗಳೇ. ಅದೂ ಒಂದೊಂದಾಗಿ ಕಲಿಯಬೇಕು.

ನಕ್ಷತ್ರಪುಂಜ ಎಂಬ ಪದವನ್ನು ಮಾತ್ರ ನೋಡಿ ಬಳಸಲು ಹೇಳಿ. ಕನ್ನಡದಲ್ಲಿ ಕೆಲವರು ಅದನ್ನು ‘ಕಾನ್‌ಸ್ಟಲೇಶನ್’ ಎಂಬರ್ಥದಲ್ಲಿ ಬರೆಯುತ್ತಾರೆ, ಕೆಲವರು ‘ಗ್ಯಾಲಕ್ಸಿ’ ಎಂಬರ್ಥದಲ್ಲಿ. ಮೊದಲನೆಯದು ಭೂಮಿಯಿಂದ ನೋಡಿದಾಗ ಒಟ್ಟಿಗೆ ಕಾಣುವ ಚುಕ್ಕಿಗಳ ವಿನ್ಯಾಸ ಮತ್ತು ಅದರ ಸುತ್ತಲ ಆಕಾಶದ ಪಾಲು. ಇಡೀ ಆಕಾಶವನ್ನು ಇಂತಹ 88 ಪಾಲುಗಳಾಗಿ ಹಂಚಲಾಗಿದೆ, ಒಂದೇ ಪಾಲಿನ ನಕ್ಷತ್ರಗಳು ಪರಸ್ಪರ ಬಹುದೂರ ಇರಬಹುದು. ಎರಡನೆಯದು ಗುರುತ್ವದಿಂದ ಕೂಡಿಕೊಂಡಿರುವ ಕೋಟ್ಯಂತರ ನಕ್ಷತ್ರಗಳ ನಿಜವಾದ ಸಮೂಹ. ಎರಡನ್ನೂ ಒಂದೇ ಕನ್ನಡ ಪದದಡಿ ಕಲಿತವರಿಗೆ ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೆ ಅದು ಇಂಗ್ಲಿಷ್‌ನ ತೊಂದರೆಯಲ್ಲ, ನಮ್ಮ ಅನುವಾದಕರದು.

ಇಲ್ಲಿಯವರೆಗೆ ತೊಡಕಿನ ಮಾತಾಯಿತು. ಕನ್ನಡದಿಂದ ಅವಳಿಗೆ ಸಿಗುವ ಅನುಕೂಲ ಇದಕ್ಕಿಂತ ದೊಡ್ಡದು. ಇಂಗ್ಲಿಷ್‌ನಲ್ಲಿ ಸೂರ್ಯ ‘ಸನ್’, ಆದರೆ ಸೂರ್ಯನಿಗೆ ಸಂಬಂಧಿಸಿದ್ದು ‘ಸೋಲಾರ್’, ಚಂದ್ರ ‘ಮೂನ್’, ಸಂಬಂಧಿಸಿದ್ದು ‘ಲೂನಾರ್’, ‘ಸ್ಟಾರ್’ಗೆ ‘ಸ್ಟೆಲಾರ್’. ಹೆಸರು ಒಂದು ಭಾಷೆಯದು, ವಿಶೇಷಣ ಇನ್ನೊಂದರದು. ಇಂಗ್ಲಿಷ್ ಮಾತೃಭಾಷೆಯ ಮಕ್ಕಳಿಗೂ ಇದು ಹೊಸ ಪಾಠವೇ. ನಮ್ಮಲ್ಲಿ ಸೂರ್ಯನಿಂದ ಸೌರ, ಚಂದ್ರನಿಂದ ಚಾಂದ್ರ ಆಗುತ್ತದೆ. ಚಾಂದ್ರಮಾನ ಯುಗಾದಿ, ಸೌರಮಾನ ಯುಗಾದಿ ಎಂಬ ಮಾತನ್ನು ಕೇಳುತ್ತಲೇ ಬೆಳೆದ ಹುಡುಗಿಗೆ ‘ಲೂನಾರ್ ಕ್ಯಾಲೆಂಡರ್’, ‘ಸೋಲಾರ್ ಕ್ಯಾಲೆಂಡರ್’ ಎಂದರೇನೆಂದು ಯಾರೂ ವಿವರಿಸಬೇಕಿಲ್ಲ. ಭೌತಶಾಸ್ತ್ರದಲ್ಲಿ ‘ಬಾಡಿ’ ಎಂಬ ಪದ ಬಂದಾಗ ಹಲವರು ಮನುಷ್ಯನ ಮೈಯನ್ನು ನೆನೆದು ಗಲಿಬಿಲಿಗೊಳ್ಳುತ್ತಾರೆ. ಆಕಾಶಕಾಯ ಎಂದು ಕಲಿತವಳಿಗೆ ‘ಸೆಲೆಸ್ಟಿಯಲ್ ಬಾಡಿ’ ಅದೇ ಪದದ ಇನ್ನೊಂದು ವೇಷ. ದೊಡ್ಡ ಸಂಖ್ಯೆಗಳಲ್ಲೂ ಹಾಗೆಯೇ. ‘ಬಿಲಿಯನ್’ ಎಂದರೆ ನೂರು ಕೋಟಿ, ‘ಟ್ರಿಲಿಯನ್’ ಎಂದರೆ ಒಂದು ಲಕ್ಷ ಕೋಟಿ. ಸೂರ್ಯನ ವಯಸ್ಸು 4.6 ಬಿಲಿಯನ್, ಅಂದರೆ 460 ಕೋಟಿ ವರ್ಷ. ‘ಲೈಟ್ ಇಯರ್’ನಲ್ಲಿ ವರ್ಷವೆಂಬ ಪದವಿದ್ದರೂ ಅದು ಕಾಲವಲ್ಲ, ದೂರ: ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಜ್ಯೋತಿರ್ವರ್ಷ ಎಂಬ ಕನ್ನಡ ಪದದಲ್ಲೂ ಅದೇ ಬಲೆ ಇದೆ.

ಪಿಯುಸಿಯ ಮೊದಲ ವರ್ಷದಲ್ಲಿ ಅವಳಿಗೆ ಆಕಾಶ ಎದುರಾಗುವುದು ಮುಖ್ಯವಾಗಿ ಗುರುತ್ವದ ಅಧ್ಯಾಯದಲ್ಲಿ. ಅಲ್ಲಿ ಕೆಪ್ಲರನ ಎರಡನೆಯ ನಿಯಮದಲ್ಲಿ, ಗ್ರಹವನ್ನೂ ಸೂರ್ಯನನ್ನೂ ಸೇರಿಸುವ ರೇಖೆಯು ಸಮಾನ ಅವಧಿಗಳಲ್ಲಿ ಸಮಾನ ಕ್ಷೇತ್ರಗಳನ್ನು ‘ಸ್ವೀಪ್’ ಮಾಡುತ್ತದೆ ಎಂದಿರುತ್ತದೆ. ‘ಸ್ವೀಪ್’ ಎಂದರೆ ಗುಡಿಸುವುದು ಎಂದಷ್ಟೇ ತಿಳಿದವಳು ಅಲ್ಲಿ ನಿಂತುಬಿಡುತ್ತಾಳೆ. ರೇಖೆಯೊಂದು ಪೊರಕೆಯಂತೆ ಹಾಯ್ದುಹೋಗಿ ತನ್ನ ಹಿಂದೆ ಬಿಡುವ ಹರವನ್ನು ಚಿತ್ರ ಬರೆದು ತೋರಿಸಿದರೆ ವಾಕ್ಯ ತಟ್ಟನೆ ತೆರೆದುಕೊಳ್ಳುತ್ತದೆ. ‘ಮೀನ್ ಡಿಸ್ಟೆನ್ಸ್’ನಲ್ಲಿ ‘ಮೀನ್’ ಎಂದರೆ ಅರ್ಥ ಎಂದಲ್ಲ, ಸರಾಸರಿ. ‘ಪೀರಿಯಡ್’ ಎಂದರೆ ಒಂದು ಸುತ್ತು ಮುಗಿಸಲು ಬೇಕಾದ ಕಾಲ. ‘ಮ್ಯಾಸಿವ್’ ಎಂದರೆ ಭಾರೀ ಗಾತ್ರದ್ದು ಎಂದಲ್ಲ, ಹೆಚ್ಚು ದ್ರವ್ಯರಾಶಿಯುಳ್ಳದ್ದು. ಸುಮಾರು ಇಪ್ಪತ್ತು ಕಿಲೋಮೀಟರ್ ಅಡ್ಡಗಲದ ನ್ಯೂಟ್ರಾನ್ ನಕ್ಷತ್ರ ಸೂರ್ಯನಿಗಿಂತ ಹೆಚ್ಚು ‘ಮ್ಯಾಸಿವ್’. ‘ರೊಟೇಶನ್’, ‘ರೆವಲ್ಯೂಶನ್’ ಎರಡಕ್ಕೂ ನಾವು ಸುತ್ತುವುದು ಎಂದೇ ಹೇಳಿಬಿಡುವುದರಿಂದ ಅವಳಿಗೆ ಶಾಲೆಯ ಅಕ್ಷಭ್ರಮಣ, ಪರಿಭ್ರಮಣಗಳನ್ನು ನೆನಪಿಸಿ. ತನ್ನ ಸುತ್ತ ತಾನು ತಿರುಗುವುದು ಮೊದಲನೆಯದು, ಇನ್ನೊಂದನ್ನು ಸುತ್ತಿಬರುವುದು ಎರಡನೆಯದು.

ಬಹುಮಂದಿ ತಪ್ಪುವ ಇನ್ನೊಂದು ಜೋಡಿ ‘ಆನ್ಯುಲರ್’ ಮತ್ತು ‘ಆನ್ಯುಯಲ್’. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಮಂಗಳೂರು, ಕೊಡಗಿನ ಕಡೆ ಕಂಕಣವಾಗಿಯೂ ನಿಮ್ಮ ಜಿಲ್ಲೆಯಲ್ಲಿ ಪಾರ್ಶ್ವವಾಗಿಯೂ ಕಂಡಿತ್ತು. ಮಗಳಿಗೆ ಅದು ನೆನಪಿರಬಹುದು. ಕಂಕಣ ಗ್ರಹಣಕ್ಕೆ ‘ಆನ್ಯುಲರ್’ ಎನ್ನುವುದು ಉಂಗುರ ಎಂಬರ್ಥದ ಲ್ಯಾಟಿನ್ ಪದದಿಂದ. ವಾರ್ಷಿಕ ಎಂಬರ್ಥದ ‘ಆನ್ಯುಯಲ್’ಗೂ ಅದಕ್ಕೂ ನಂಟಿಲ್ಲ.

ವ್ಯಾಕರಣದಲ್ಲಿ ಒಂದೇ ವಿಷಯ ಹೇಳುತ್ತೇನೆ. ಕನ್ನಡದಲ್ಲಿ ‘ದ’, ‘ಎ’ಗಳಿಗೆ ಸಮನಾದದ್ದಿಲ್ಲ, ಆದ್ದರಿಂದ ನಮ್ಮ ಮಕ್ಕಳು ಅವನ್ನು ಮನಬಂದಂತೆ ಸೇರಿಸುತ್ತಾರೆ. ‘ದ ಸನ್’, ‘ದ ಮೂನ್’ ಎನ್ನಬೇಕು. ಆದರೆ ‘ಮಾರ್ಸ್’, ‘ಜುಪಿಟರ್’ ವ್ಯಕ್ತಿನಾಮದಂತೆ ಬರಿದಾಗಿಯೇ ನಿಲ್ಲುತ್ತವೆ. ‘ಅರ್ಥ್’ ಎರಡೂ ರೀತಿ ನಡೆಯುತ್ತದೆ. ‘ದ ಮೂನ್’ ನಮ್ಮ ಚಂದ್ರ, ‘ಎ ಮೂನ್’ ಎಂದರೆ ಯಾವುದೋ ಒಂದು ಉಪಗ್ರಹ. 1610ರಲ್ಲಿ ಗೆಲಿಲಿಯೊ ಗುರುಗ್ರಹದ ಬಳಿ ಕಂಡ ನಾಲ್ಕೂ ಎರಡನೆಯ ಅರ್ಥದ ‘ಮೂನ್’ಗಳು.

ಈಗ ನಿಮ್ಮ ಮುಂದಿರುವ ದಾರಿಗಳ ಮಾತು. ಮುನ್ನೂರು ಪದಗಳ ಪಟ್ಟಿಯಿಂದ ಲಾಭವೇ ಇಲ್ಲವೆಂದಲ್ಲ. ಒಂದು ಅಂಕದ ಪ್ರಶ್ನೆಗೆ ಅದು ಸಾಕಾಗಬಹುದು. ಅದರ ಅಪಾಯ, ಪಟ್ಟಿಯಲ್ಲಿ ಒಂದು ಪದದ ಎದುರು ಒಂದೇ ಅರ್ಥವಿರುತ್ತದೆ. ‘ಪ್ಲಾನೆಟ್ – ಗ್ರಹ’, ‘ಸ್ಟಾರ್ – ನಕ್ಷತ್ರ’ ಎಂದು ಉರು ಹೊಡೆದವಳು ಮೇಲೆ ಹೇಳಿದ ಪ್ರತಿ ಹಳ್ಳದಲ್ಲೂ ಬೀಳುತ್ತಾಳೆ, ಏಕೆ ಬಿದ್ದೆನೆಂದೂ ತಿಳಿಯುವುದಿಲ್ಲ. ಕನ್ನಡ ಮರೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಷ್ಟ್ರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅರ್ಥವಾಯಿತೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಭಾಷೆ ಅವಳಿಗೆ ಇನ್ನೂ ಒಂದೆರಡು ವರ್ಷ ಕನ್ನಡವೇ ಆಗಿರುತ್ತದೆ. ಅದನ್ನು ಕಿತ್ತುಕೊಂಡರೆ ಉಳಿಯುವುದು ಬಾಯಿಪಾಠ. ಮೊಬೈಲಿನ ಅನುವಾದದ ಆ್ಯಪ್ ಒಂಟಿ ಪದಕ್ಕೆ ನಂಬಲರ್ಹವಲ್ಲ: ‘ಮರ್ಕ್ಯುರಿ’ ಬುಧನೋ ಪಾದರಸವೋ, ‘ಮೀಟಿಯರ್ ಶವರ್’ನ ‘ಶವರ್’ ಸುರಿಮಳೆಯೋ ಸ್ನಾನವೋ ಎಂಬುದು ಸುತ್ತಲ ವಾಕ್ಯವಿಲ್ಲದೆ ತಿಳಿಯುವಂಥದ್ದಲ್ಲ. ಪೂರ್ಣ ವಾಕ್ಯ ಕೊಟ್ಟು, ಬಂದ ಉತ್ತರವನ್ನು ಪಠ್ಯದೊಡನೆ ಹೋಲಿಸಿ ನೋಡುವುದಾದರೆ ಅಡ್ಡಿಯಿಲ್ಲ. ವಿಡಿಯೊಗಳು ಉಚ್ಚಾರಣೆಗೆ ಒಳ್ಳೆಯವು, ಆದರೆ ‘ಬ್ಲಡ್ ಮೂನ್’, ‘ಸೂಪರ್ ಮೂನ್’, ‘ಬ್ಲೂ ಮೂನ್’ ಎಂದು ಅಬ್ಬರಿಸುವವುಗಳಿಂದ ದೂರವಿರಲಿ. ‘ಬ್ಲೂ ಮೂನ್’ ನೀಲಿಯಾಗಿರುವುದಿಲ್ಲ, ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಗೆ ಇಂದು ರೂಢಿಯಲ್ಲಿರುವ ಹೆಸರದು.

ನಾನು ಸಾಮಾನ್ಯವಾಗಿ ಸೂಚಿಸುವ ಕ್ರಮ ಬೇರೆ. ಮುಂದಿನ ಅಮಾವಾಸ್ಯೆಯಿಂದ ಒಂದು ನೋಟ್‌ಪುಸ್ತಕ ಇಡಲಿ. ಪ್ರತಿ ಸಂಜೆ ಚಂದ್ರನ ಚಿತ್ರ, ಪಕ್ಕದಲ್ಲಿ ತಿಥಿ, ಕೆಳಗೆ ಒಂದೇ ಒಂದು ಇಂಗ್ಲಿಷ್ ವಾಕ್ಯ. ಮೊದಲ ವಾರ ‘ಕ್ರೆಸೆಂಟ್’, ‘ರೈಸ್’, ‘ಸೆಟ್’ ಇಷ್ಟೇ ಪದಗಳಲ್ಲಿ ವಾಕ್ಯ ಕಟ್ಟಬಹುದು. ಚಂದ್ರನ ಹತ್ತಿರ ಗುರುವೋ ಶುಕ್ರನೋ ಬಂದ ದಿನ ‘ಕಂಜಂಕ್ಷನ್’ ತಾನಾಗಿ ಬೇಕಾಗುತ್ತದೆ. ಅಜ್ಜ ತಿಥಿ ಹೇಳಲಿ, ಮೊಮ್ಮಗಳು ಇಂಗ್ಲಿಷ್ ಹೇಳಲಿ. ಈ ಕ್ರಮದಲ್ಲೂ ದೋಷವಿಲ್ಲದಿಲ್ಲ. ತಪ್ಪು ವಾಕ್ಯವನ್ನು ಯಾರೂ ತಿದ್ದದಿದ್ದರೆ ಅದೇ ಗಟ್ಟಿಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಾಲೇಜಿನ ಇಂಗ್ಲಿಷ್ ಅಥವಾ ಭೌತಶಾಸ್ತ್ರದ ಉಪನ್ಯಾಸಕರು ಒಂದು ಪುಟ ನೋಡಿಕೊಡುವಂತೆ ಕೇಳಿಕೊಳ್ಳಿ, ಬಹುತೇಕರು ಒಲ್ಲೆ ಎನ್ನುವುದಿಲ್ಲ. ಮಳೆಗಾಲದಲ್ಲಿ ಮೋಡದಿಂದ ದಿನಗಳು ತಪ್ಪುತ್ತವೆ. ಆಗ ‘ಸ್ಟೆಲೇರಿಯಂ’ ಎಂಬ ಉಚಿತ ತಂತ್ರಾಂಶದಲ್ಲಿ ಆ ರಾತ್ರಿಯ ಆಕಾಶವನ್ನು ನೋಡಿ ಬರೆಯಬಹುದು. ಬೆಂಗಳೂರಿಗೆ ಹೋಗುವ ಸಂದರ್ಭ ಬಂದರೆ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನವನ್ನು ಮೊದಲು ತೋರಿಸಿ, ಆಮೇಲೆ ಇಂಗ್ಲಿಷಿನದ್ದನ್ನು ತೋರಿಸಿ. ವಿಷಯ ಮೊದಲೇ ತಿಳಿದಿದ್ದಾಗ ಕಿವಿ ಪದಗಳನ್ನು ಹಿಡಿಯುವ ರೀತಿಯೇ ಬೇರೆ.

ಸ್ಪೋಕನ್ ಇಂಗ್ಲಿಷ್ ತರಗತಿಯ ಬಗ್ಗೆ: ಅಲ್ಲಿ ಕಲಿಸುವುದು ಪರಿಚಯ, ಸಂದರ್ಶನ, ಅಂಗಡಿಯ ಸಂಭಾಷಣೆ. ಅವಳ ಈಗಿನ ತೊಂದರೆಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಶುಲ್ಕ ಕಟ್ಟುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಗುರುತ್ವದ ಅಧ್ಯಾಯದ ಒಂದು ಪುಟವನ್ನು ಅವಳಿಂದ ಓದಿಸಿ, ಅರ್ಥವಾಗದ ಪದಗಳಿಗೆ ಗೆರೆ ಹಾಕಿಸಿ. ಗೆರೆ ಬಿದ್ದವು ಪಾರಿಭಾಷಿಕ ಪದಗಳೇ ಆಗಿದ್ದರೆ ಶುಲ್ಕದ ಹಣ ಉಳಿಯಿತು. ‘ದೆರ್‌ಫೋರ್’, ‘ವೇರ್‌ಆ್ಯಸ್’, ‘ಪ್ರೊವೈಡೆಡ್ ದಟ್’ನಂತಹ ಜೋಡಣೆಯ ಪದಗಳೇ ಹೆಚ್ಚಾಗಿದ್ದರೆ ಅವಳಿಗೆ ಬೇಕಿರುವುದು ಮಾತಿನ ತರಗತಿಯಲ್ಲ, ಓದಿನ ಅಭ್ಯಾಸ, ಅದನ್ನು ಉಪನ್ಯಾಸಕರ ನೆರವಿನಿಂದ ಪಠ್ಯಪುಸ್ತಕದಲ್ಲೇ ಮಾಡಬಹುದು. ಪದ ಗೊತ್ತಿದ್ದೂ ನಾಲ್ಕು ಜನರೆದುರು ಹೇಳಲು ಹೆದರುತ್ತಾಳಾದರೆ, ಆ ನೋಟ್‌ಪುಸ್ತಕದ ಒಂದು ವಾಕ್ಯವನ್ನು ದಿನವೂ ಒಬ್ಬ ಗೆಳತಿಗೆ ಗಟ್ಟಿಯಾಗಿ ಓದಿ ಹೇಳುವುದರಿಂದ ಶುರುಮಾಡಲಿ; ಇಡೀ ತರಗತಿಯ ಮುಂದೆ ಮಾತಾಡು ಎಂದು ಸದ್ಯಕ್ಕೆ ಒತ್ತಾಯಿಸಬೇಡಿ.